ಮುಹೂರ್ತಕ್ಕೆ ಹಾಕಿದ ಸಹಿ

ನಮ್ಮ ಜಯನಗರದ ಮನೆಯ ವರಾಂಡದಲ್ಲಿ ಒಂದು ಬೆತ್ತದ ಕುರ್ಚಿ, ಒಂದು ಮೇಜು, ಎರಡು ಪ್ಲಾಸ್ಟಿಕ್ ಸ್ಟೂಲು. ಬೆತ್ತದ ಕುರ್ಚಿ ಅಪ್ಪನದು, ಸ್ಟೂಲುಗಳು ಸಾರ್ವಜನಿಕರದು. ಅಪ್ಪ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾಯಿತು, ಆದರೆ ಸರ್ಕಾರಿ ಕೆಲಸ ಅವರನ್ನು ಇನ್ನೂ ಬಿಟ್ಟಿಲ್ಲ. ಖಾತೆ ಬದಲಾವಣೆಗೆ ಯಾವ ಅರ್ಜಿ, ವಂಶವೃಕ್ಷಕ್ಕೆ ಯಾರ ಸಹಿ, ಬಾಡಿಗೆ ಕರಾರನ್ನು ಎಷ್ಟು ತಿಂಗಳಿಗೆ ಬರೆಸಬೇಕು, ಯಾವ ಕಾಗದಕ್ಕೆ ನೋಟರಿ ಸಾಕು, ಯಾವುದಕ್ಕೆ ನೋಂದಣಿ ಕಚೇರಿಗೇ ಹೋಗಬೇಕು, ಇದನ್ನೆಲ್ಲ ಕೇಳಲು ಪದ್ಮನಾಭನಗರದಿಂದಲೂ ಜನ ಬರುತ್ತಾರೆ. ಅಪ್ಪ ಯಾರ ಹತ್ತಿರವೂ ಒಂದು ಪೈಸೆ ಮುಟ್ಟುವುದಿಲ್ಲ. ಬದಲಿಗೆ ಬೈಯುತ್ತಾರೆ. ಬರುವವರಿಗೂ ಅದು ಗೊತ್ತು. ಬೈಸಿಕೊಂಡು, ಕಾಫಿ ಕುಡಿದು, ಅರ್ಜಿ ಬರೆಸಿಕೊಂಡು ಹೋಗುತ್ತಾರೆ.

ನಾನು ಅದೇ ಮನೆಯ ಮಹಡಿಯಲ್ಲಿ ಇರುವವಳು. ನನ್ನ ಆಫೀಸಿನ ಕೆಲಸ ಹೆಚ್ಚಾಗಿ ಮನೆಯಿಂದಲೇ. ಹಾಗಾಗಿ ಮೀಟಿಂಗಿನಲ್ಲಿ ಯಾರೋ ಗಂಭೀರವಾಗಿ ಏನೋ ಹೇಳುತ್ತಿರುವಾಗ ಕೆಳಗಿನಿಂದ "ಒರಿಜಿನಲ್ ಯಾಕ್ರೀ ಕೊಟ್ರಿ ಅವನ ಕೈಗೆ? ಬುದ್ಧಿ ಬೇಡ್ವೇ?" ಎಂಬ ಗರ್ಜನೆ ಕೇಳಿಸುತ್ತದೆ. ನನ್ನ ಆಫೀಸಿನವರಿಗೆಲ್ಲ ಅಪ್ಪನ ಧ್ವನಿ ಪರಿಚಯ.

ಅಪ್ಪನದು ಒಂದು ಖಾಯಂ ಉಪದೇಶ ಇದೆ, ಬಂದವರಿಗೆಲ್ಲ ಅದನ್ನು ಬೆರಳೆತ್ತಿ ಹೇಳುತ್ತಾರೆ. ಖಾಲಿ ಹಾಳೆಗೆ ಸಹಿ ಹಾಕಬಾರದು. ಒರಿಜಿನಲ್ ಕೈಬಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅಧಿಕಾರಿಯ ಎದುರಿಗೆ ಹಾಕಬೇಕಾದ ಸಹಿಯನ್ನು ಮನೆಯಲ್ಲೇ ಹಾಕಿಕೊಂಡು ಹೋಗಬಾರದು. ತಿಲಕ್ ನಗರದಿಂದ ಬಂದ ಹೆಂಗಸೊಬ್ಬರು, ಪಾಪ, ನೋಟರಿ ಹತ್ತಿರ ತಡವಾಗದಿರಲಿ ಎಂದು ಅಫಿಡವಿಟ್ಟಿಗೆ ಮೊದಲೇ ಸಹಿ ಹಾಕಿಕೊಂಡು ಬಂದಿದ್ದರು. ಅಪ್ಪ ಅವರಿಗೆ ಪಾಠ ಮಾಡಿದ ರೀತಿಗೆ ಆಕೆ ಅಳುವುದೊಂದೇ ಬಾಕಿ. "'ನನ್ನ ಸಮಕ್ಷಮ' ಅಂತ ಅಲ್ಲಿ ಬರೆದಿದೆ ನೋಡಿ. ಯಾರ ಸಮಕ್ಷಮ ಹಾಕಿದ್ರಿ? ನಿಮ್ಮ ಕುಕ್ಕರ್ ಸಮಕ್ಷಮ ತಾನೆ?" ಎಂದಿದ್ದರು. ಆಕೆ ಹೊಸ ಇ-ಸ್ಟಾಂಪ್ ಕಾಗದ ತರಲು ಹೊರಟರು. ಅದಕ್ಕೂ ಅಪ್ಪ ಬಿಡಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡಿ, "ಈಗ ಬೇಡ, ರಾಹುಕಾಲ ಕಳೀಲಿ, ಕೂತ್ಕೊಳ್ಳಿ" ಎಂದರು.

ಹೌದು, ಕಾನೂನಿನ ಮೇಲೊಂದು ಕಾನೂನು ನಮ್ಮ ಮನೆಯಲ್ಲಿ ಇದೆ, ಅದು ರಾಹುಕಾಲ. ಅಪ್ಪ ಆ ಹೊತ್ತಿನಲ್ಲಿ ಹೊಸಿಲು ದಾಟಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನನ್ನು ಗೇಟಿನಾಚೆಯೇ ನಿಲ್ಲಿಸಿ, ಅವನಿಗೆ ಮಜ್ಜಿಗೆ ಕೊಟ್ಟು, ರಾಜಕೀಯ ಮಾತಾಡಿ, ರಾಹುಕಾಲ ಮುಗಿದ ಮೇಲೆ ಸಿಲಿಂಡರನ್ನು ಒಳಗೆ ಬಿಟ್ಟುಕೊಂಡರು. ಒಳಗಿನ ಸಿಲಿಂಡರ್ ಖಾಲಿಯಾಗಿ ಅಮ್ಮ ಅರ್ಧ ಬೆಂದ ಬೇಳೆ ಹಿಡಿದು ನಿಂತಿದ್ದರೂ ಕೇಳಲಿಲ್ಲ.

ಇಂಥ ಮನೆಯಲ್ಲಿ ನನ್ನ ಅತ್ತೆ ಮದುವೆಯಾಗುತ್ತೇನೆ ಎಂದರು.

ಅತ್ತೆ ಅಂದರೆ ಅಪ್ಪನ ತಂಗಿ. ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿ ನಿವೃತ್ತರಾದವರು. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡಾಗ ಅಪ್ಪನೇ ಹೋಗಿ ಮನೆಗೆ ಕರೆದುಕೊಂಡು ಬಂದಿದ್ದರು. ಆಗ ನಾನಿನ್ನೂ ಹುಟ್ಟಿರಲಿಲ್ಲ. ನನಗೆ ಮಗ್ಗಿ ಕಲಿಸಿದವರು, ಜಡೆ ಹಾಕಿದವರು, ಪಿಯುಸಿಯಲ್ಲಿ ನಾನು ಫೇಲಾದಾಗ ಅಪ್ಪನಿಗೂ ನನಗೂ ನಡುವೆ ನಿಂತವರು ಅವರೇ. ಅಪ್ಪನ ಸಾರ್ವಜನಿಕರಿಗೆ ಕಾಫಿ ಕೊಡುವ ಕೆಲಸವೂ ಅವರದೇ. ಎಲ್ಲ ಶುರುವಾದದ್ದು ಆ ಕಾಫಿಯಿಂದ.

ಬನಶಂಕರಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಕಾರಪುಡಿ ಮಾರುವ ಅಂಗಡಿಯ ಸಾಹುಕಾರರೊಬ್ಬರು ಟ್ರೇಡ್ ಲೈಸೆನ್ಸ್ ನವೀಕರಣದ ಅರ್ಜಿ ಹಿಡಿದುಕೊಂಡು ಅಪ್ಪನ ಹತ್ತಿರ ಬಂದರು. ಹಾವೇರಿ ಕಡೆಯವರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗಳಿಗೆ ಮದುವೆಯಾಗಿತ್ತು. ಹಣೆಯ ತುಂಬ ವಿಭೂತಿ, ಬಾಯಿ ತುಂಬ "ಹೌದ್ರಿ ಸರ". ಅಪ್ಪನ ಹಣೆಯ ಮೇಲೆ ಅಂಗಾರ ಅಕ್ಷತೆ. ಆದರೆ ಅರ್ಜಿಯ ಮುಂದೆ ಇಬ್ಬರೂ ಒಂದೇ. ಅಪ್ಪ ಹೇಳಿದ ಜೆರಾಕ್ಸನ್ನು ಹೇಳಿದ ಕ್ರಮದಲ್ಲಿ ಪಿನ್ ಮಾಡಿ ತಂದ ಮೊದಲ ಮನುಷ್ಯ ಅವರು. ಅಪ್ಪ ಊಟದ ಹೊತ್ತಿಗೂ ಅವರನ್ನು ಹೊಗಳುತ್ತಿದ್ದರು. "ಏನ್ ಶಿಸ್ತು ರೀ ಆ ಮನುಷ್ಯಂದು! ಕಾಗದ ಅಂದ್ರೆ ಹಾಗಿರಬೇಕು."

ಲೈಸೆನ್ಸ್ ಬಂತು. ಆದರೂ ಸಾಹುಕಾರರು ಬರುವುದು ನಿಲ್ಲಲಿಲ್ಲ. ಆಧಾರಿನಲ್ಲಿ ವಿಳಾಸ ಬದಲಿಸಬೇಕು ಎಂದರು. ಅಂಗಡಿಯ ಬಾಡಿಗೆ ಕರಾರು ತೋರಿಸಿದರು. ಹಾವೇರಿಯ ಹೊಲದ ಪಹಣಿ ತಂದರು. ಕಡೆಗೆ ತರಲು ಕಾಗದವೇ ಉಳಿಯದೆ ಮಗಳ ಹಳೆಯ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ತಂದು "ಸುಮ್ನ ನೋಡ್ರಿ ಸರ, ಎಲ್ಲಾ ಸರಿ ಐತೇನು" ಎಂದರು. ಅಪ್ಪ ಕನ್ನಡಕ ಹಾಕಿಕೊಂಡು ಅದನ್ನೂ ನೋಡಿದರು. ಆ ಹೊತ್ತಿಗೆ ಮೂರನೇ ಸ್ಟೂಲೊಂದು ವರಾಂಡಕ್ಕೆ ಬಂದಿತ್ತು, ಅದರ ಮೇಲೆ ಅತ್ತೆ ಕೂತಿರುತ್ತಿದ್ದರು. ಮಹಡಿಯ ಕಿಟಕಿಯಿಂದ ನೋಡುತ್ತಿದ್ದ ನನಗೆ ವಿಷಯ ಗೊತ್ತಾಗಿತ್ತು, ಒಳಗೆ ಸಾರು ಕುದಿಸುತ್ತಿದ್ದ ಅಮ್ಮನಿಗೂ ಗೊತ್ತಾಗಿತ್ತು. ಮೇಜಿನ ಆಚೆ ಕೂತ ಅಪ್ಪನಿಗೆ ಮಾತ್ರ ಗೊತ್ತಾಗಲಿಲ್ಲ. ಅವರು ಕಾಗದ ಓದುತ್ತಿದ್ದರು.

ಅತ್ತೆ ಹೇಳಿದ ದಿನ ಅಪ್ಪ ಕನ್ನಡಕ ತೆಗೆದು ಆ ಮೂರನೇ ಸ್ಟೂಲನ್ನು ನೋಡಿದರು. ಆಮೇಲೆ, "ನನ್ನ ವರಾಂಡದಲ್ಲೇ?" ಎಂದರು, ಅಷ್ಟೇ. ಮಾರನೆಯ ದಿನದಿಂದ ಬೇರೆ ವರಸೆ ಶುರುವಾಯಿತು. ಜಾತಿಯ ಮಾತೆತ್ತಲು ಅವರಿಗೆ ನಾಚಿಕೆ. ವಯಸ್ಸಿನ ಮಾತೆತ್ತಿದರೆ ಅತ್ತೆ ಸುಮ್ಮನೆ ಬಿಡುವವರಲ್ಲ. ಹಾಗಾಗಿ ಅಪ್ಪ ತಮಗೆ ಗೊತ್ತಿದ್ದ ಒಂದೇ ಆಯುಧ ಹಿಡಿದರು.

"ನಂದೇನೂ ಅಭ್ಯಂತರ ಇಲ್ಲಮ್ಮ. ಆದ್ರೆ ಕಾಗದ ಸರಿ ಇರಬೇಕು ನೋಡು."

ಛತ್ರ, ವಾಲಗ ಏನೂ ಬೇಡ, ವಿಶೇಷ ವಿವಾಹ ಕಾಯ್ದೆಯಂತೆ ನೋಂದಣಿ ಕಚೇರಿಯಲ್ಲೇ ಮದುವೆಯಾಗುವುದು ಎಂದು ಅತ್ತೆ, ಸಾಹುಕಾರರು ನಿರ್ಧರಿಸಿದ್ದರು. ಅದಕ್ಕೆ ಬೇಕಾದದ್ದು ಬಹಳವೇನಿಲ್ಲ. ಮದುವೆಯಾಗುತ್ತೇವೆ ಎಂಬ ನೋಟಿಸು, ವಯಸ್ಸಿಗೆ, ವಿಳಾಸಕ್ಕೆ ದಾಖಲೆ, ತೀರಿಕೊಂಡವರ ಮರಣಪತ್ರ, ಫೋಟೋ. ಕಚೇರಿ ಕೇಳಿದ್ದು ಇಷ್ಟಾದರೆ ಅಪ್ಪ ಕೇಳಿದ್ದು ಬೇರೆಯೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಾ ಎಂದರು, ಅತ್ತೆ ತಂದರು. ಅಫಿಡವಿಟ್ಟು ಬೇಕು ಎಂದರು, ಮಾಡಿಸಿದರು. ನೋಟರಿ ಸೀಲು ಓರೆಯಾಗಿದೆ ಎಂದರು. ಅತ್ತೆ ಮತ್ತೆ ಹೋಗಿ ನೆಟ್ಟಗೆ ಹಾಕಿಸಿಕೊಂಡು ಬಂದರು. ಫೋಟೋದಲ್ಲಿ ನೀನು ನಗ್ತಾ ಇದ್ದೀಯ, ಸರ್ಕಾರಿ ಕಾಗದಕ್ಕೆ ನಗಬಾರದು ಎಂದರು.

"ಮದುವೆಗೆ ಅಲ್ವೇನೋ ಅಣ್ಣ? ಅಳ್ತಾ ತೆಗೆಸ್ಕೊಳ್ಲಾ?"

"ನಾನು ನಿಯಮ ಹೇಳ್ದೆ. ನಂದೇನೂ ಅಭ್ಯಂತರ ಇಲ್ಲ."

ನನಗೆ ಮೈಯೆಲ್ಲ ಉರಿಯಿತು. ಇಳಿದು ಬಂದು, "ಅಪ್ಪ, ಬೇಡ ಅಂತ ಬಾಯಿಬಿಟ್ಟು ಹೇಳಿಬಿಡಿ. ಆ ನೋಟರಿ ಸೀಲಿನ ಮೇಲೆ ಯಾಕೆ ಹಾಕ್ತೀರ?" ಎಂದೆ. ಅಪ್ಪ ನನ್ನ ಕಡೆ ನೋಡಲೂ ಇಲ್ಲ. ಅತ್ತೆಯೇ ನನ್ನನ್ನು ತಡೆದರು. "ಸುಮ್ನಿರೇ. ಅವನು ಕೇಳೋದನ್ನೆಲ್ಲ ಕೇಳ್ಲಿ, ನಾನು ತರ್ತೀನಿ. ಎಷ್ಟು ಕಾಗದ ಇರುತ್ತೆ ಪ್ರಪಂಚದಲ್ಲಿ?"

ಕಡೆಗೂ ಕಾಗದಗಳು ಮುಗಿದವು, ನೋಟಿಸು ಕೊಟ್ಟಾಯಿತು. ಕಾಯ್ದೆಯ ಪ್ರಕಾರ ಅದನ್ನು ಮೂವತ್ತು ದಿನ ಕಚೇರಿಯ ಫಲಕದ ಮೇಲೆ ಅಂಟಿಸುತ್ತಾರೆ, ಫೋಟೋ ಸಮೇತ. ಯಾರಿಗಾದರೂ ಆಕ್ಷೇಪಣೆ ಇದ್ದರೆ ಅಷ್ಟರಲ್ಲಿ ಹೇಳಬೇಕು. ಅತ್ತೆಗೆ ಇಡೀ ಪ್ರಕರಣದಲ್ಲಿ ಜೀವ ಹಿಂಡಿದ್ದು ಇದೊಂದೇ. ನಿವೇಶನ ನೋಂದಣಿಗೆ, ಮನೆ ಮಾರಾಟಕ್ಕೆ ಎಂದು ಜಯನಗರದ ಅರ್ಧ ಜನ ಆ ಕಚೇರಿಗೆ ಬರುತ್ತಾರೆ. ತರಕಾರಿ ಅಂಗಡಿಯಲ್ಲಿ ಅವರ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಿ, "ಮಿಸ್, ಫೋಟೋ ಚೆನ್ನಾಗಿ ಬಂದಿದೆ" ಎಂದರಂತೆ. ಅತ್ತೆ ಹುರುಳಿಕಾಯಿ ಅಲ್ಲೇ ಬಿಟ್ಟು ಮನೆಗೆ ಬಂದರು. "ಇದೊಂದು ಸಲ ಸಹಿಸ್ಕೊಂಡೆ ಕಣೇ. ಇನ್ನೊಂದ್ಸಲ ನನ್ನನ್ನ ಆ ಬೋರ್ಡಿಗೆ ಅಂಟಿಸೋದಾದ್ರೆ ಮದುವೆನೇ ಬೇಡ" ಎಂದರು. ಆ ಮಾತು ತಮಾಷೆಗೆ ಆಡಿದ್ದಲ್ಲ.

ಆ ದಿನಗಳಲ್ಲೇ ಅಪ್ಪ ಒಂದು ಬೆಳಿಗ್ಗೆ ಕೊಡೆ ಹಿಡಿದು ಆ ಕಚೇರಿಯ ದಿಕ್ಕಿಗೆ ಹೊರಟರು. ಆಕ್ಷೇಪಣೆ ಸಲ್ಲಿಸಲು ಹೊರಟಿದ್ದಾರೆ ಎಂದುಕೊಂಡು ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಓಡಿದೆ. ದಾರಿಯಲ್ಲಿ ನಾನೇ ಮಾತು ತೆಗೆದೆ. ಕಾಯ್ದೆಯನ್ನು ನಾನೂ ಓದಿಕೊಂಡಿದ್ದೆ. ಆಕ್ಷೇಪಣೆ ಎತ್ತಬಹುದಾದ ಷರತ್ತುಗಳು ನಾಲ್ಕೇ. ಮೊದಲ ಗಂಡನೋ ಹೆಂಡತಿಯೋ ಬದುಕಿರಬಾರದು, ಬುದ್ಧಿ ನೆಟ್ಟಗಿರಬೇಕು, ವಯಸ್ಸು ತುಂಬಿರಬೇಕು, ಹತ್ತಿರದ ರಕ್ತಸಂಬಂಧ ಇರಬಾರದು. ವಯಸ್ಸಿನ ಷರತ್ತಿಗೆ ಅತ್ತೆ ಮೂರು ಮದುವೆಗಾಗುವಷ್ಟು ಅರ್ಹರಿದ್ದರು.

"ಅಣ್ಣನಿಗೆ ಬೇಜಾರು ಅನ್ನೋದು ಆ ಪಟ್ಟೀಲಿ ಇಲ್ಲ ಅಪ್ಪ," ಎಂದೆ.

"ಗೊತ್ತು," ಎಂದರು. "ಆಕ್ಷೇಪಣೆಗೆ ಒಂದು ನೆಟ್ಟಗಿನ ನಮೂನೇನೂ ಇಲ್ಲ. ಬಿಳಿ ಹಾಳೇಲಿ ಬರೀಬೇಕಂತೆ. ಏನ್ ಕಾಯ್ದೆನೋ."

ಕಚೇರಿಯ ಫಲಕದ ಮುಂದೆ ನಿಂತು ಅತ್ತೆಯ ನೋಟಿಸನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಫೋಟೋ ನೋಡಿದರು. ಅತ್ತೆ ಅದರಲ್ಲಿ ನಗುತ್ತಿದ್ದರು. ಮೂಲೆಯೊಂದು ಗೋಂದು ಬಿಟ್ಟು ಸುರುಟಿಕೊಂಡಿತ್ತು. ಅಪ್ಪ ಅದನ್ನು ಹೆಬ್ಬೆರಳಿನಿಂದ ಒತ್ತಿದರು, ನಿಲ್ಲಲಿಲ್ಲ, ಮತ್ತೆ ಒತ್ತಿದರು. "ಒಂದು ಕಾಗದ ನೆಟ್ಟಗೆ ಅಂಟಿಸಕ್ಕೆ ಬರಲ್ಲ ಜನಕ್ಕೆ" ಎಂದು ಗೊಣಗಿಕೊಂಡು ಮನೆಗೆ ತಿರುಗಿದರು. ಅವರ ಮೇಲೆ ನನಗಿದ್ದ ಸಿಟ್ಟು ಅಲ್ಲೇ ಅರ್ಧ ಇಳಿದುಹೋಯಿತು.

ಆಕ್ಷೇಪಣೆ ಯಾರದೂ ಬರಲಿಲ್ಲ. ಮೂವತ್ತು ದಿನ ಕಳೆಯುವ ಹೊತ್ತಿಗೆ ಸರಿಯಾಗಿ ಆಷಾಢ ಬಂದು ಕೂತಿತು. ಜನ, ವಯಸ್ಸು, ವಿಭೂತಿ, ಅಂಗಾರ ಎಲ್ಲವನ್ನೂ ದಾಟಿ ಬಂದಿದ್ದ ಅತ್ತೆ ಆಷಾಢವನ್ನು ದಾಟಲು ಮಾತ್ರ ಒಪ್ಪಲಿಲ್ಲ. "ಅಷ್ಟಕ್ಕೂ ಒಂದು ಪದ್ಧತಿ ಇಲ್ವೇನೇ?" ಎಂದು ನನ್ನನ್ನೇ ಗದರಿದರು. ಶ್ರಾವಣ ಬಂತಲ್ಲ ಎನ್ನುವಾಗ ಅಮ್ಮ ಪಂಚಾಂಗ ಹಿಡಿದುಕೊಂಡು ಬಂದು, "ಶುಕ್ರ ಮೌಢ್ಯ ಕಣ್ರೇ, ಶುಕ್ರ ಮುಳುಗಿದಾನೆ, ಮೇಲೆ ಏಳೋವರೆಗೂ ಮದುವೆ ಇಲ್ಲ" ಎಂದರು. ಸಾಹುಕಾರರಿಗೆ ಫೋನು ಮಾಡಿ ತಿಳಿಸಿದೆ. "ಏಳ್ಲಿ ಬಿಡ್ರಿ ಪಾಪ, ಏನ್ ಅವಸರ" ಎಂದರು ಅವರು.

ಅವಸರ ಇತ್ತು, ಅದು ಹೊಳೆದದ್ದು ಅಪ್ಪನಿಗೆ. ನೋಟಿಸು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಆ ನೋಟಿಸು ರದ್ದು. ಮತ್ತೆ ಹೊಸ ನೋಟಿಸು, ಮತ್ತೆ ಫಲಕ, ಮತ್ತೆ ಫೋಟೋ. ಊಟದ ನಡುವೆ ಅಪ್ಪ ಇದನ್ನು ಸಾರಿನ ಬಟ್ಟಲಿಗೆ ಹೇಳುವವರಂತೆ ಹೇಳಿದರು. ಅತ್ತೆ ತುತ್ತು ಕೈಯಲ್ಲೇ ಹಿಡಿದು ಕೂತರು. ನಾನು ಮಹಡಿಗೆ ಓಡಿ ಲ್ಯಾಪ್‌ಟಾಪ್ ತೆಗೆದು ನೋಡಿದೆ. ಶುಕ್ರ ಎದ್ದ ಮೇಲೆ ಉಳಿಯುವುದು ಕೆಲವೇ ದಿನ, ಅದರಲ್ಲಿ ಕಚೇರಿಯ ಬುಕಿಂಗ್ ಪಟ್ಟಿಯಲ್ಲಿ ಖಾಲಿ ಇದ್ದದ್ದು ಒಂದೇ ಸಮಯ, ಅದೂ ಕೊನೆಯ ದಿನ. ಮಂಗಳವಾರ, ಮಧ್ಯಾಹ್ನ ಮೂರು ಗಂಟೆ.

ಅದನ್ನು ಕೆಳಗೆ ಬಂದು ಹೇಳಲು ನನಗೆ ಧೈರ್ಯ ಬೇಕಾಯಿತು. ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ ಎಂಬುದು ನಮ್ಮ ಮನೆಯ ಬೆಕ್ಕಿಗೂ ಗೊತ್ತು.

ಅಮ್ಮ, "ಅಯ್ಯೋ ದೇವರೇ!" ಎಂದರು. ಅತ್ತೆ ಕಣ್ಣು ಮುಚ್ಚಿಕೊಂಡರು. ಅಪ್ಪ ಮಜ್ಜಿಗೆ ಕುಡಿದು ಎದ್ದರು. ಕೈ ತೊಳೆದು ಬಂದು, "ಸಾಕ್ಷಿಗಳು ಮೂರು ಜನ ಬೇಕು. ಯಾರ್ಯಾರು?" ಎಂದು ಕೇಳಿದರು. ನಾನೊಬ್ಬಳು, ಸಾಹುಕಾರರ ಮಗಳು ಒಬ್ಬಳು. ಮೂರನೆಯ ಹೆಸರು ಯಾರೂ ಹೇಳಲಿಲ್ಲ. ಅತ್ತೆ ಅಣ್ಣನ ಮುಖವನ್ನೇ ನೋಡುತ್ತಿದ್ದರು.

"ನಾನು ಬರಲ್ಲ," ಎಂದರು ಅಪ್ಪ. "ಮಂಗಳವಾರ, ರಾಹುಕಾಲ, ನನ್ನ ಕೈಲಾಗಲ್ಲ. ಆದ್ರೆ ಸಹಿ ಮಾಡಿಕೊಡ್ತೀನಿ. ಬೆಳಿಗ್ಗೆ ಒಳ್ಳೆ ಗಳಿಗೆ ಇದೆ. ಎಲ್ಲರೂ ಆವಾಗ್ಲೇ ಸಹಿ ಹಾಕಿಬಿಡಿ. ಶುಭಕಾರ್ಯ ಶುಭಗಳಿಗೇಲಿ ಶುರುವಾದ ಹಾಗಾಯ್ತು. ಮಿಕ್ಕಿದ್ದು ಆಫೀಸಿಂದು, ಅದು ಯಾವ ಕಾಲದಲ್ಲಾದ್ರೆ ಏನು?"

ನಮಗೆಲ್ಲ ಎಷ್ಟು ನೆಮ್ಮದಿಯಾಯಿತೆಂದರೆ ಯೋಚಿಸಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹಿಂದಿನವರು ಪ್ರಯಾಣಕ್ಕೆ ಕೆಟ್ಟ ಹೊತ್ತು ಬಂದರೆ ಒಳ್ಳೆಯ ಹೊತ್ತಿನಲ್ಲೇ ಒಂದು ಗಂಟನ್ನು ಪಕ್ಕದ ಮನೆಯಲ್ಲಿ ಇಟ್ಟುಬರುತ್ತಿದ್ದರಂತೆ, ಹೊರಟದ್ದು ಆಗಲೇ ಎಂಬ ಲೆಕ್ಕಕ್ಕೆ. ಅಮ್ಮನ ತೌರಿನಲ್ಲಿ ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಇದೂ ಅದರ ಹಾಗೆಯೇ ಎಂದು ಅಮ್ಮ ವಿವರಿಸಿದರು, ಎಲ್ಲರೂ ತಲೆಯಾಡಿಸಿದೆವು.

ಆ ಮಂಗಳವಾರ ಬೆಳಿಗ್ಗೆ ನಮ್ಮ ವರಾಂಡದಲ್ಲಿ ನಡೆದದ್ದೇ ನಿಜವಾದ ಮದುವೆ ಎನ್ನಬೇಕು. ಮೇಜಿನ ಮೇಲೆ ಹಿಂದಿನ ದಿನವೇ ಪ್ರಿಂಟು ತೆಗೆಸಿ ತಂದಿದ್ದ ಘೋಷಣಾ ಪತ್ರ. ಅಪ್ಪ ಸಂಧ್ಯಾವಂದನೆ ಮುಗಿಸಿ ಮಡಿಪಂಚೆಯಲ್ಲಿ ಬಂದು ಪೂರ್ವಕ್ಕೆ ಮುಖ ಮಾಡಿ ಕೂತರು. ಅಮ್ಮ ಲಗ್ನಪತ್ರಿಕೆಗೆ ಹಚ್ಚುವ ಹಾಗೆ ಘೋಷಣಾ ಪತ್ರದ ನಾಲ್ಕು ಮೂಲೆಗೂ ಅರಿಸಿನ ಹಚ್ಚಿದರು. ಸಾಹುಕಾರರು ರೇಷ್ಮೆ ಪಂಚೆ ಉಟ್ಟು, ಒಂದು ಬುಟ್ಟಿ ಹೋಳಿಗೆ ಹೊತ್ತು ಬನಶಂಕರಿಯಿಂದ ಬಂದಿಳಿದರು. ಅಪ್ಪ ವಾಚು ನೋಡುತ್ತ "ಈಗ, ಈಗ" ಎಂದು ಪೆನ್ನು ಚಾಚಿದರು.

ಸಾಹುಕಾರರು ಪೆನ್ನು ಹಿಡಿದು ಸ್ವಲ್ಪ ತಡೆದರು. "ಸರ, ಆಫೀಸರ್ ಮುಂದ ಹಾಕೂ ಸಹಿ ಮನ್ಯಾಗ ಹಾಕಬಾರ್ದು ಅಂತ ನೀವ ಹೇಳಿದ್ರಲ್ರಿ?"

ಎಲ್ಲರೂ ಅವರನ್ನು ದುರುಗುಟ್ಟಿ ನೋಡಿದೆವು. ಒಳ್ಳೆಯ ಗಳಿಗೆ ಜಾರಿಹೋಗುತ್ತಿತ್ತು.

"ಅದು ಸಾರ್ವಜನಿಕರಿಗೆ," ಎಂದರು ಅಪ್ಪ. "ಹಾಕಿ, ಹಾಕಿ."

ಮದುಮಗ ಹಾಕಿದರು, ಮದುಮಗಳು ಹಾಕಿದರು, ನಾನೂ ಹಾಕಿದೆ. ಅಪ್ಪ ಕೊನೆಗೆ ತಮ್ಮ ಹೆಸರು, ತಂದೆಯ ಹೆಸರು, ವಿಳಾಸ ಎಲ್ಲವನ್ನೂ ಮುತ್ತು ಪೋಣಿಸಿದ ಹಾಗೆ ಬರೆದು ಸಹಿ ಹಾಕಿದರು. ಅತ್ತೆ ಅವರ ಕಾಲಿಗೆ ನಮಸ್ಕಾರ ಮಾಡಿದರು. ಅಪ್ಪ ಆಶೀರ್ವಾದ ಮಾಡಿದರೋ ಬರಿಯ ಕೆಮ್ಮಿದರೋ ಗೊತ್ತಾಗಲಿಲ್ಲ.

ಮಧ್ಯಾಹ್ನ ನಾವು ಹೊರಟೆವು. ಅಮ್ಮ ಆರತಿ, ಅಡುಗೆ ಎಂದು ಅಪ್ಪನ ಜೊತೆ ಮನೆಯಲ್ಲೇ ಉಳಿದರು. ಸಾಹುಕಾರರ ಮಗಳು ಬಿಟಿಎಂ ಲೇಔಟಿನಿಂದ ನೇರವಾಗಿ ಕಚೇರಿಗೆ ಬಂದಿದ್ದಳು. ಮೂರು ಗಂಟೆಗೆ ನಮ್ಮ ಸರದಿ ಕರೆದರು.

ವಿವಾಹಾಧಿಕಾರಿ ಒಬ್ಬ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವರು. ಕಾಗದಗಳನ್ನು ಒಂದೊಂದಾಗಿ ನೋಡಿದರು. ಅಪ್ಪ ಜೋಡಿಸಿಕೊಟ್ಟ ಕಾಗದ, ತಪ್ಪೆಲ್ಲಿ ಬರಬೇಕು? "ಪರವಾಗಿಲ್ವೇ, ತುಂಬ ನೀಟಾಗಿದೆ" ಎಂದರು. ಅತ್ತೆ ಹೆಮ್ಮೆಯಿಂದ ನನ್ನ ಕೈ ಅದುಮಿದರು. ಕೊನೆಗೆ ಘೋಷಣಾ ಪತ್ರ ಬಂತು. ಅವರು ಅರಿಸಿನದ ಮೂಲೆ ಹಿಡಿದು ಎತ್ತಿದರು, ಬೆರಳು ನೋಡಿಕೊಂಡರು, ಸಹಿಗಳನ್ನು ನೋಡಿದರು.

"ಇದೇನ್ ಮೇಡಂ, ಆಗ್ಲೇ ಸೈನ್ ಮಾಡ್ಕೊಂಡ್ ಬಂದಿದೀರ?"

"ಮುಹೂರ್ತ ಇತ್ತು," ಎಂದರು ಅತ್ತೆ.

"ಮುಹೂರ್ತ ನಿಮ್ದು. ಸೈನು ನನ್ನ ಮುಂದೆ ಆಗ್ಬೇಕಲ್ಲ. ನೀವಿಬ್ರು, ಮೂರೂ ಸಾಕ್ಷಿ. ಇದು ನಡೆಯಲ್ಲ. ಹೊಸ ಫಾರಂ ಕೊಡ್ತೀನಿ, ಎಲ್ಲರೂ ಇಲ್ಲೇ ಹಾಕಿ. ಮೂರನೇ ಸಾಕ್ಷಿ ಎಲ್ಲಿ?"

ಮನೆಯಲ್ಲಿದ್ದಾರೆ ಎಂದೆ. ತಿಲಕ್ ನಗರದ ಆ ಹೆಂಗಸು ನನ್ನ ಕಣ್ಣ ಮುಂದೆ ಬಂದು ನಿಂತರು, ಅವರ ಕುಕ್ಕರ್ ಸಮೇತ. ನಗು, ಅಳು ಎರಡೂ ಒಟ್ಟಿಗೆ ಬಂತು. ಸಾಹುಕಾರರು ಮಾತ್ರ, "ನಾ ಹೇಳಿದ್ನಿ" ಎಂದು ತಮ್ಮಷ್ಟಕ್ಕೇ ಅಂದರು.

ಅಧಿಕಾರಿ ಕಠಿಣ ಮನಸ್ಸಿನವರಲ್ಲ. "ಇವತ್ತು ಕೊನೆ ದಿನ ನಿಮ್ಗೆ. ಆಫೀಸ್ ಮುಚ್ಚೋದ್ರೊಳಗೆ ಯಾರಾದ್ರೂ ಒಬ್ರನ್ನ ಕರ್ಕೊಂಡ್ ಬನ್ನಿ, ಆಧಾರ್ ಇದ್ರೆ ಸಾಕು" ಎಂದು ಮುಂದಿನವರನ್ನು ಕರೆದರು. ನಾವು ಹೊರಗಿನ ಬೆಂಚಿಗೆ ಬಂದೆವು. ಅಲ್ಲಿ ನಿಂತಿದ್ದ ಒಬ್ಬ ಏಜೆಂಟು ವಿಷಯ ಕೇಳಿಸಿಕೊಂಡು, "ಸಾಕ್ಷಿ ಬೇಕಾ ಅಕ್ಕ? ಈಗ್ಲೇ ಒಬ್ರನ್ನ ಕೊಡ್ತೀನಿ" ಎಂದ. ನಾನು ಹೂಂ ಎನ್ನುವುದರಲ್ಲಿದ್ದೆ.

"ಬೇಡ," ಎಂದರು ಅತ್ತೆ.

"ಅತ್ತೆ, ಟೈಮಿಲ್ಲ. ಒಂದು ಸಹಿ ಅಷ್ಟೇ ತಾನೆ? ಯಾರದ್ದಾದ್ರೂ ಆಗುತ್ತೆ. ಹೋದ್ರೆ ಎಲ್ಲಾ ಹೋಯ್ತು ಇವತ್ತಿಗೆ."

"ಹೋಗ್ಲಿ." ಅತ್ತೆ ಏಜೆಂಟಿಗೆ ಬೆನ್ನು ತಿರುಗಿಸಿದರು. "ಅವತ್ತು ಹಸೆಮಣೆ ಮೇಲೆ ನನ್ನನ್ನ ಕೂರಿಸ್ದೋನು ಅಣ್ಣ. ಎಲ್ಲಾ ಮುಗಿದ್ಮೇಲೆ, ಯಾರೂ ನನ್ನ ಮುಖ ನೋಡದೆ ಇದ್ದಾಗ, ಬಂದು ಕೈ ಹಿಡ್ಕೊಂಡು ಬಸ್ಸು ಹತ್ತಿಸ್ಕೊಂಡು ಬಂದೋನೂ ಅಣ್ಣ. ಇವತ್ತು ಆ ಜಾಗದಲ್ಲಿ ದಾರೀಲಿ ಹೋಗೋರ ಸಹಿ ಹಾಕಿಸ್ಕೊಳ್ಲಾ? ನನಗೆ ಅಂಥ ಮದುವೆ ಬೇಡ ಕಣೇ."

ಸಾಹುಕಾರರ ಕಡೆ ನೋಡಿದೆ. ಅವರು ಶಲ್ಯದಿಂದ ಮುಖ ಒರೆಸಿಕೊಂಡು, "ಅವ್ರು ಹೇಳೂದು ಖರೇನ ಐತಿ ಬಿಡ್ರಿ" ಎಂದರು. ಆಗ ನನಗೆ ಆ ಮನುಷ್ಯರ ಮೇಲೆ ಬಹಳ ಪ್ರೀತಿ ಬಂತು.

ನಾನು ಫೋನು ತೆಗೆದು ಅಪ್ಪನಿಗೆ ಕರೆ ಮಾಡಿ, ಹೇಗೆ ಬೇಡಿಕೊಳ್ಳುವುದು ಎಂದು ಮಾತು ಹೊಂದಿಸಿಕೊಳ್ಳುತ್ತಿದ್ದೆ. ಅತ್ತೆ ನನ್ನ ಕೈಯಿಂದ ಫೋನು ಕಿತ್ತುಕೊಂಡರು. ಕಣ್ಣು ಒರೆಸಿಕೊಂಡು, ಮೂಗು ಎಳೆದುಕೊಂಡು, ಕ್ಲಾಸಿನಲ್ಲಿ ಮಾತಾಡುವ ಧ್ವನಿಯಲ್ಲಿ ಒಂದೇ ಮಾತು ಹೇಳಿದರು.

"ಅಣ್ಣ, ನಿನ್ನ ಸಹಿ ರಿಜೆಕ್ಟ್ ಆಯ್ತು."

ಅಪ್ಪನ ಕಾಗದವೊಂದು ವಾಪಸ್ಸು ಬಂದದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ಫೋನಿನಿಂದ ನನಗೂ ಕೇಳಿಸುವಷ್ಟು ಜೋರಾಗಿ, "ಯಾವನವನು?" ಎಂಬ ಶಬ್ದ ಬಂತು. ಅತ್ತೆ ಫೋನು ಇಟ್ಟುಬಿಟ್ಟರು.

"ಬರ್ತಾರಾ?" ಎಂದೆ.

"ಗೊತ್ತಿಲ್ಲ," ಎಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಾಗಿಲ ಕಡೆಯೇ ನೋಡುತ್ತ ಕೂತರು. ಅಷ್ಟು ವರ್ಷದಲ್ಲಿ ಅವರು ಹಾಗೆ ಹೆದರಿ ಕೂತದ್ದನ್ನು ನಾನು ನೋಡಿರಲಿಲ್ಲ. ಬೆಂಚಿನ ಆಚೆ ತುದಿಯಲ್ಲಿ ನಿವೇಶನ ನೋಂದಣಿಗೆ ಬಂದವರು ಜಗಳವಾಡುತ್ತಿದ್ದರು. ಗೋಡೆ ಗಡಿಯಾರ ನಡೆಯುತ್ತಲೇ ಇತ್ತು, ರಾಹುಕಾಲ ಮುಗಿಯಲು ಇನ್ನೂ ಬೇಕಾದಷ್ಟು ಹೊತ್ತಿತ್ತು. ಮುಗಿದ ಮೇಲೆ ಹೊರಟರೆ ಅಪ್ಪ ಇಲ್ಲಿಗೆ ತಲುಪುವ ಹೊತ್ತಿಗೆ ಕಚೇರಿ ಮುಚ್ಚುತ್ತದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ, ಹೇಳದೆ ನುಂಗಿಕೊಂಡೆ.

ಆಟೋ ಒಂದು ಬಂದು ನಿಂತಿತು. ಮೊದಲು ಕೊಡೆ ಇಳಿಯಿತು, ಆಮೇಲೆ ಅಪ್ಪ. ಬೆಳಗಿನ ಅದೇ ಪಂಚೆ, ಮೇಲೊಂದು ಶರಟು, ಅದರ ಗುಂಡಿ ಒಂದು ಮನೆ ತಪ್ಪಿತ್ತು. ಜೇಬಿನಲ್ಲಿ ಪೆನ್ನು, ಕೈಯಲ್ಲಿ ಆಧಾರ್ ಕಾರ್ಡಿನ ಒರಿಜಿನಲ್ಲು. ನಮ್ಮ ಯಾರ ಮುಖವನ್ನೂ ನೋಡದೆ ನೇರವಾಗಿ ಒಳಗೆ ನಡೆದರು. ನಾವು ಹಿಂದೆ ಓಡಿದೆವು.

"ಮೇಡಂ, ನನ್ನ ಸಹಿ ತಿರಸ್ಕಾರ ಮಾಡಿದೀರಂತೆ. ಯಾವ ಆಧಾರದ ಮೇಲೆ?"

ಅಧಿಕಾರಿ ಎದ್ದು ನಿಂತು ಬಹಳ ಮರ್ಯಾದೆಯಿಂದ, "ಕೂತ್ಕೊಳ್ಳಿ ಸಾರ್. ನನ್ನ ಸಮಕ್ಷಮ ಹಾಕಿಲ್ವಲ್ಲ ಸಾರ್" ಎಂದರು.

ಅಪ್ಪ ಅರಿಸಿನ ಹಚ್ಚಿದ ಆ ಕಾಗದವನ್ನು ಎತ್ತಿ, ತಮ್ಮದೇ ಮುದ್ದಾದ ಅಕ್ಷರವನ್ನು ದೂರ ಹಿಡಿದು ನೋಡಿದರು. "ನಿಜ," ಎಂದರು. "ನೀವು ಮಾಡಿದ್ದು ಸರಿ. ನಾನಾಗಿದ್ರೂ ರಿಜೆಕ್ಟ್ ಮಾಡ್ತಿದ್ದೆ." ಆಮೇಲೆ ಸಾಹುಕಾರರ ಕಡೆ ತಿರುಗಿ, "ನೀವು ಬೆಳಿಗ್ಗೆನೇ ಹೇಳಿದ್ರಿ ಅಲ್ವೇ?" ಎಂದರು.

"ಹೌದ್ರಿ ಸರ."

"ಹ್ಞೂಂ. ಮನೇಲಿ ಒಬ್ಬರಿಗಾದ್ರೂ ಕಾಗದ ಅಂದ್ರೆ ಏನು ಅಂತ ಗೊತ್ತಿದೆ."

ಮನೇಲಿ ಎಂದರು. ಅದನ್ನು ನಾನೂ ಕೇಳಿಸಿಕೊಂಡೆ, ಅತ್ತೆಯೂ ಕೇಳಿಸಿಕೊಂಡರು.

ಹೊಸ ನಮೂನೆ ಬಂತು. ಸಾಹುಕಾರರು ಸಹಿ ಹಾಕಿ ಪೆನ್ನನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಹಾಕಲಿಲ್ಲ. ಅವರು ಅಣ್ಣನ ಎಡಗೈಯನ್ನು ನೋಡುತ್ತಿದ್ದರು. ಅದರಲ್ಲಿ ವಾಚಿರಲಿಲ್ಲ. ಸ್ನಾನಕ್ಕೆ ಬಿಟ್ಟರೆ ಇನ್ನೆಂದೂ ಬಿಚ್ಚದ ವಾಚು, ಅದಿದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಅದನ್ನು ಬಿಚ್ಚಿ ಟೀವಿಯ ಪಕ್ಕ ಇಟ್ಟು, ಕ್ಯಾಲೆಂಡರ್ ಕಡೆ ತಿರುಗಿಯೂ ನೋಡದೆ ಹೊಸಿಲು ದಾಟಿದರು ಎಂದು ಆಮೇಲೆ ಅಮ್ಮ ಹೇಳಿದರು.

"ಅಣ್ಣ," ಎಂದರು ಅತ್ತೆ, ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ. "ಈಗ ಟೈಮೆಷ್ಟು ಗೊತ್ತೇನೋ?"

ಅಪ್ಪ ಕನ್ನಡಕ ಏರಿಸಿ ನಮೂನೆಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದಿದರು.

"ಇದರಲ್ಲಿ ಟೈಮಿಗೆ ಕಾಲಂ ಇಲ್ಲ," ಎಂದರು. "ಸುಮ್ನೆ ಸಹಿ ಹಾಕು."